ಇಟ್ಟಿಗೆ ಆಟಿಕೆ ರೈಲಿನ ಬಿಡಿಭಾಗ ತಯಾರಿಕೆ

ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಒತ್ತಿ ಕಟ್ಟುವ ಆಟಿಕೆ ರೈಲುಗಳಿಗೆ ಬೇಕಾದ, ಆದರೆ ಮೂಲ ಕಂಪನಿಯ ಪೆಟ್ಟಿಗೆಯಲ್ಲಿ ಸಿಗದ ಗಾಲಿ, ಹಳಿ, ರೈಲಿನ ದಾರಿ ಬದಲಿಸುವ ಪಾಯಿಂಟ್ಸ್, ಎಂಜಿನ್‌ನ ಮೂತಿ ಮೊದಲಾದವನ್ನು ಹವ್ಯಾಸಿಗಳೂ ಸಣ್ಣ ತಯಾರಕರೂ ಮಾಡಿಕೊಳ್ಳುವ ಕಸುಬು. ಡೆನ್ಮಾರ್ಕಿನ ಲೆಗೊ ಇಟ್ಟಿಗೆಯ ಅಳತೆಯೇ ಇದಕ್ಕೆ ಆಧಾರ. ಪೆಟ್ಟಿಗೆಯ ರೈಲಿಗೂ ಊರಿನ ನಿಜವಾದ ರೈಲಿಗೂ ಇರುವ ಅಂತರ ಈ ಕಸುಬಿಗೆ ಕಾರಣ. ಭಾರತದ ಬ್ರಾಡ್‌ಗೇಜ್ ಹಳಿಯ ಮಟ್ಟಿಗೆ ಆ ಅಂತರದ ಲೆಕ್ಕ ಬೇರೆಯೇ ಆಗಿದೆ.

ಹಿನ್ನೆಲೆ

ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್‌ಸೆನ್ 1932ರಲ್ಲಿ ಮರದ ಆಟಿಕೆಗಳನ್ನು ಮಾಡಲು ಆರಂಭಿಸಿದ. 1934ರಲ್ಲಿ ಬಂದ ಲೆಗೊ ಎಂಬ ಹೆಸರಿಗೆ ಮೂಲವಾದ ಡೇನಿಷ್ ಮಾತಿನ ಅರ್ಥ 'ಚೆನ್ನಾಗಿ ಆಡು'. ಕಂಪನಿ 1949ರಲ್ಲಿ ಹೊರತಂದ ಪ್ಲಾಸ್ಟಿಕ್ ಇಟ್ಟಿಗೆಗೆ ಬ್ರಿಟನ್ನಿನ ಕಿಡಿಕ್ರಾಫ್ಟ್ ಇಟ್ಟಿಗೆ ಮಾದರಿಯಾಗಿತ್ತು. ಎಂದರೆ, ಇನ್ನೊಬ್ಬರ ಭಾಗವನ್ನು ತಿದ್ದಿ ತನ್ನದಾಗಿಸುವ ಕೆಲಸ ಲೆಗೊ ಇಟ್ಟಿಗೆಯ ಹುಟ್ಟಿನಲ್ಲೇ ಇದೆ. ಇಟ್ಟಿಗೆಯ ಒಳಗೆ ಕೊಳವೆಯಿಟ್ಟು ಹಿಡಿತ ಬಿಗಿಗೊಳಿಸಿದ ರಚನೆಗೆ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. 1963ರಿಂದ ಎಬಿಎಸ್ ಪ್ಲಾಸ್ಟಿಕ್ ಬಳಕೆಗೆ ಬಂತು.

ಅಂದಿನ ಅಳತೆಗಳು ಇಂದಿಗೂ ಬದಲಾಗಿಲ್ಲ. ಇಟ್ಟಿಗೆಯ ತಲೆಯ ಮೇಲಿನ ಗುಬುಟನ್ನು ಹವ್ಯಾಸಿಗಳು ಸ್ಟಡ್ ಎನ್ನುತ್ತಾರೆ. ಸ್ಟಡ್‌ನ ವ್ಯಾಸ 4.8 ಮಿ.ಮೀ., ಒಂದರ ನಡುವಿನಿಂದ ಮತ್ತೊಂದರ ನಡುವಿಗೆ 8 ಮಿ.ಮೀ., ಇಟ್ಟಿಗೆಯ ಎತ್ತರ 9.6 ಮಿ.ಮೀ. ಯಾರೇ ಬಿಡಿಭಾಗ ಮಾಡಲಿ, ಈ ಮೂರು ಅಂಕಿಗಳಿಗೆ ಕಟ್ಟುಬಿದ್ದೇ ಮಾಡಬೇಕು.

ರೈಲಿನ ಪೀಳಿಗೆಗಳು

ಮೊದಲ ಲೆಗೊ ವಿದ್ಯುತ್ ರೈಲು 1966ರಲ್ಲಿ ಬಂತು. ನೀಲಿ ಹಳಿ, 4.5 ವೋಲ್ಟ್ ಬ್ಯಾಟರಿ. 1969ರಲ್ಲಿ 12 ವೋಲ್ಟಿನ ಮೋಟಾರು ಸೇರಿತು. ಅದಕ್ಕೆ ವಿದ್ಯುತ್ ಕೊಡಲು ಹಳಿಗಳ ನಡುವೆ ಬೇರೆ ಪಟ್ಟಿಗಳಿದ್ದವು. 1980ರಲ್ಲಿ ಬೂದು ಹಳಿಗಳ ಜೊತೆಗೆ ದೂರದಿಂದ ನಡೆಸುವ ಪಾಯಿಂಟ್ಸ್ ಮತ್ತು ಸಿಗ್ನಲ್‌ಗಳು ಬಂದವು. 1991ರ 9 ವೋಲ್ಟ್ ರೈಲಿನಲ್ಲಿ ಲೋಹದ ಹೊದಿಕೆಯ ಹಳಿಯಲ್ಲೇ ವಿದ್ಯುತ್ ಹರಿಯತೊಡಗಿತು. 2006ರಲ್ಲಿ ಕಂಪನಿ ಮತ್ತೆ ಬ್ಯಾಟರಿಗೆ ಮರಳಿ ಬರೀ ಪ್ಲಾಸ್ಟಿಕ್ ಹಳಿ ಕೊಟ್ಟಿತು. 2009ರಲ್ಲಿ ಅವಕೆಂಪು ರಿಮೋಟ್, 2018ರಲ್ಲಿ ಬ್ಲೂಟೂತ್ ಬಂದವು.

ಪೀಳಿಗೆ ಬದಲಾದಾಗಲೆಲ್ಲ ಹಳೆಯ ರೈಲು ಇಟ್ಟುಕೊಂಡವರಿಗೆ ಭಾಗಗಳು ಸಿಗದಾದವು. ಲೋಹದ ಹಳಿ ನಿಂತುಹೋದದ್ದು ಎಲ್ಲಕ್ಕಿಂತ ದೊಡ್ಡ ಪೆಟ್ಟು. ಹಳಿಯಲ್ಲಿ ವಿದ್ಯುತ್ ಇದ್ದರೆ ರೈಲು ಎಷ್ಟು ಹೊತ್ತಾದರೂ ಓಡುತ್ತದೆ; ಬ್ಯಾಟರಿಯದು ಮುಗಿಯುತ್ತದೆ.

ಸ್ವತಂತ್ರ ತಯಾರಕರು

ಕಂಪನಿಯ ತಿರುವು ಹಳಿ ಒಂದೇ ಅಳತೆಯದು. ತ್ರಿಜ್ಯ 40 ಸ್ಟಡ್, ಅಂದರೆ 320 ಮಿ.ಮೀ.; 16 ತುಂಡು ಜೋಡಿಸಿದರೆ ಒಂದು ಪೂರ್ಣ ವೃತ್ತ. ಇಷ್ಟು ಬಿಗಿಯಾದ ತಿರುವಿನಲ್ಲಿ ಉದ್ದದ ಡಬ್ಬಿ ಹೊರಕ್ಕೆ ಚಾಚುತ್ತದೆ, ದೊಡ್ಡ ಗಾಲಿಗಳ ಉಗಿ ಎಂಜಿನ್ ಸಿಕ್ಕಿಕೊಳ್ಳುತ್ತದೆ. ಬಿಡಿಭಾಗ ತಯಾರಕರು ಮೊದಲು ಕೈಯಿಟ್ಟದ್ದು ಈ ಎರಡು ತೊಂದರೆಗಳಿಗೇ. ಅಮೆರಿಕದ ಬಿಗ್ ಬೆನ್ ಬ್ರಿಕ್ಸ್ ಉಗಿ ಎಂಜಿನ್‌ಗೆ ತಕ್ಕ ಬೇರೆ ಬೇರೆ ವ್ಯಾಸದ ಗಾಲಿಗಳನ್ನು ಅಚ್ಚು ಹಾಕಿ ಮಾರಿತು. ಇವುಗಳಲ್ಲಿ ಅಂಚುಪಟ್ಟಿಯಿಲ್ಲದ ಬೋಳು ಗಾಲಿಗಳೂ ಇದ್ದವು. ಎಂಜಿನ್‌ನ ನಡುವೆ ಅವನ್ನು ಹಾಕಿದರೆ ತಿರುವಿನಲ್ಲಿ ಗಾಲಿ ಹಳಿಯ ಮೇಲೆ ಅತ್ತಿತ್ತ ಸರಿದುಕೊಳ್ಳುತ್ತದೆ. ಅಮೆರಿಕದ ಬ್ರಿಕ್‌ಟ್ರ್ಯಾಕ್ಸ್ 104 ಸ್ಟಡ್ ತ್ರಿಜ್ಯದಂಥ ಅಗಲ ತಿರುವುಗಳನ್ನೂ, ಪೋಲೆಂಡಿನ ಟ್ರಿಕ್ಸ್‌ಬ್ರಿಕ್ಸ್ 3ಡಿ ಮುದ್ರಕದಲ್ಲಿ ಮುದ್ರಿಸಿದ ಹಳಿ ಮತ್ತು ಪಾಯಿಂಟ್ಸ್‌ಗಳನ್ನೂ, ಕೆನಡಾದ ಎಫ್‌ಎಕ್ಸ್ ಬ್ರಿಕ್ಸ್ ಲೋಹದ 9 ವೋಲ್ಟ್ ಹಳಿಯನ್ನೂ ತಯಾರಿಸಿದವು.

ಇದಕ್ಕೆ ಕಾನೂನಿನ ಹಾದಿಯೂ ತೆರೆದುಕೊಂಡಿತ್ತು. 1961ರಲ್ಲಿ ದೊರೆತ ಅಮೆರಿಕದ ಪೇಟೆಂಟ್ 1978ಕ್ಕೆ ಮುಗಿದಿತ್ತು. ಇಟ್ಟಿಗೆಯ ಆಕಾರವನ್ನು ವ್ಯಾಪಾರಮುದ್ರೆಯಾಗಿ ಉಳಿಸಿಕೊಳ್ಳಲು ಲೆಗೊ ನಡೆಸಿದ ಪ್ರಯತ್ನವನ್ನು 2005ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್, 2010ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ತಳ್ಳಿಹಾಕಿದವು. ಕೆಲಸಕ್ಕಾಗಿ ಇರುವ ಆಕಾರ ಒಬ್ಬರ ಸ್ವತ್ತಲ್ಲ ಎಂಬುದು ಎರಡೂ ತೀರ್ಪುಗಳ ತಿರುಳು. ಆದರೆ ಲೆಗೊ ಎಂಬ ಹೆಸರು ಕಂಪನಿಯದಾಗಿಯೇ ಉಳಿಯಿತು.

ಗಣಕ ಮತ್ತು ಮುದ್ರಣ

ಆಸ್ಟ್ರೇಲಿಯಾದ ಜೇಮ್ಸ್ ಜೆಸಿಮನ್ 1995ರಲ್ಲಿ ರೂಪಿಸಿದ ಎಲ್‌ಡ್ರಾ ತಂತ್ರಾಂಶದಿಂದ ಇಟ್ಟಿಗೆಯ ಮಾದರಿಯನ್ನು ಗಣಕದಲ್ಲೇ ಕಟ್ಟಿ ನೋಡುವುದು ಸಾಧ್ಯವಾಯಿತು. ಆದರೂ ಹೊಸ ಭಾಗಕ್ಕೆ ಉಕ್ಕಿನ ಅಚ್ಚು ಬೇಕಿತ್ತು, ಅದು ದುಬಾರಿ. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದಲ್ಲಿ ಏಡ್ರಿಯನ್ ಬೋಯರ್ 2005ರಲ್ಲಿ ಆರಂಭಿಸಿದ ರೆಪ್‌ರಾಪ್ ಎಂಬ 3ಡಿ ಮುದ್ರಕದ ಯೋಜನೆ, 2009ರಲ್ಲಿ ಮುಗಿದ ಪ್ಲಾಸ್ಟಿಕ್ ಎಳೆಯ ಮುದ್ರಣದ ಮೂಲ ಪೇಟೆಂಟ್, ಇವೆರಡರ ನಂತರ 3ಡಿ ಮುದ್ರಕ ಮನೆಯ ಮೇಜಿಗೆ ಬಂತು. ಅಚ್ಚಿಲ್ಲದೆ ಒಂದೇ ಒಂದು ಭಾಗ ಮಾಡುವುದೂ ಕೈಗೆಟುಕಿತು.

ಮುದ್ರಣಕ್ಕೆ ಅದರದೇ ಮಿತಿಗಳಿವೆ. ಪ್ಲಾಸ್ಟಿಕ್ ಸುರಿಸುವ ಮೂತಿಯ ರಂಧ್ರ ಸಾಮಾನ್ಯವಾಗಿ 0.4 ಮಿ.ಮೀ.; ಇಟ್ಟಿಗೆಯ ಹಿಡಿತ ನಿಂತಿರುವುದು ಅದಕ್ಕಿಂತ ಎಷ್ಟೋ ಸೂಕ್ಷ್ಮ ಅಳತೆಯ ಮೇಲೆ. ಆದ್ದರಿಂದ ಮುದ್ರಿಸಿದ ಸ್ಟಡ್ ಒಮ್ಮೆ ಸಡಿಲ, ಒಮ್ಮೆ ಬಿಗಿ. ಸುಲಭವಾಗಿ ಮುದ್ರಿಸಬಹುದಾದ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ಕರ್ನಾಟಕದ ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆ. ಮುಚ್ಚಿದ ಕಾರಿನಲ್ಲಿ ಬಿಟ್ಟ ಪಿಎಲ್‌ಎ ಹಳಿ ಸೊಟ್ಟಗಾಗಬಹುದು. ಎಬಿಎಸ್ ನೂರು ಡಿಗ್ರಿಯವರೆಗೂ ತಡೆಯುತ್ತದೆ, ಆದರೆ ಮುದ್ರಿಸಿ ತಣಿಯುವಾಗ ಕುಗ್ಗುತ್ತದೆ.

ಬ್ರಾಡ್‌ಗೇಜ್ ಲೆಕ್ಕ

ಲೆಗೊ ಹಳಿಗಳ ನಡುವಿನ ಅಂತರ ಸುಮಾರು 37.5 ಮಿ.ಮೀ. ಯುರೋಪಿನ 1,435 ಮಿ.ಮೀ. ಗೇಜಿಗೆ ಹೋಲಿಸಿದರೆ ಇದು 38ರಲ್ಲಿ ಒಂದು ಪಾಲು. ಭಾರತದ 1,676 ಮಿ.ಮೀ. ಬ್ರಾಡ್‌ಗೇಜಿಗೆ ಹೋಲಿಸಿದರೆ ಸುಮಾರು 45ರಲ್ಲಿ ಒಂದು ಪಾಲು. ಈ ಪ್ರಮಾಣದಲ್ಲಿ 3.24 ಮೀಟರ್ ಅಗಲದ, ಎಲ್‌ಎಚ್‌ಬಿ ಎಂಬ ಮಾದರಿಯ ಪ್ರಯಾಣಿಕರ ಡಬ್ಬಿ 72 ಮಿ.ಮೀ. ಆಗುತ್ತದೆ, ಸರಿಯಾಗಿ 9 ಸ್ಟಡ್. ಕಂಪನಿಯ ರೈಲುಗಳ ವಾಡಿಕೆಯ ಅಗಲ 6 ಸ್ಟಡ್ ಮಾತ್ರ. ಸುಮಾರು 23.5 ಮೀಟರ್ ಉದ್ದದ ಅದೇ ಡಬ್ಬಿ 65 ಸ್ಟಡ್ ಆಗುತ್ತದೆ. 40 ಸ್ಟಡ್ ತಿರುವಿನಲ್ಲಿ ಇದು ಸರಾಗವಾಗಿ ಸಾಗದು. ಭಾರತದ ಬ್ರಾಡ್‌ಗೇಜಿನಲ್ಲಿ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಅದನ್ನು ಪ್ರಮಾಣಕ್ಕಿಳಿಸಿದರೂ ಸುಮಾರು 3.9 ಮೀಟರ್ ಬೇಕು, ಒಂದು ಕೋಣೆ ಸಾಲದು. ಅದಕ್ಕೇ ಭಾರತದ ಮಾದರಿ ಕಟ್ಟುವವರು ಡಬ್ಬಿಯನ್ನು ಮೊಟಕುಗೊಳಿಸಬೇಕು, ಅಗಲ ತಿರುವಿನ ಹಳಿ ಮಾಡಿಕೊಳ್ಳಬೇಕು. ಡಬ್ಬಿಯ ಗಾಲಿಯ ವ್ಯಾಸ ನಿಜದಲ್ಲಿ 915 ಮಿ.ಮೀ., ಮಾದರಿಯಲ್ಲಿ 20 ಮಿ.ಮೀ.

ಹೊರಗಿನಿಂದ ತರಿಸುವುದೂ ಅಗ್ಗವಲ್ಲ. ಆಟಿಕೆಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು.

ಕಲಬುರಗಿ ಮತ್ತು ಕಮಲಾಪುರ

ಇಟ್ಟಿಗೆಯಲ್ಲಿ ಕಟ್ಟಬಹುದಾದ ಊರಿನ ರೈಲುಗಳಿಗೆ ಕಲಬುರಗಿಯ ಸುತ್ತಲಿನ ಮಾರ್ಗಗಳು ಒಂದು ಉದಾಹರಣೆ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. ಆ ಹಳಿ ಕಲಬುರಗಿಯನ್ನು ಹಾಯ್ದಿತ್ತು. ಕಮಲಾಪುರದ ಮೇಲೆ ಹೋಗುವ ಸುಮಾರು 110 ಕಿ.ಮೀ. ಉದ್ದದ ಬೀದರ್–ಕಲಬುರಗಿ ಮಾರ್ಗ ಲೋಕಾರ್ಪಣೆಯಾದದ್ದು 2017ರ ಅಕ್ಟೋಬರ್ 29ರಂದು. ಈ ಮಾರ್ಗದಲ್ಲಿ ಮರಗುತ್ತಿಯ ಬಳಿ ಒಂದೂವರೆ ಕಿ.ಮೀ. ಮೀರಿದ ಸುರಂಗವಿದೆ. ಬೆಂಗಳೂರು–ಕಲಬುರಗಿ ವಂದೇ ಭಾರತ್ ರೈಲಿಗೆ 2024ರ ಮಾರ್ಚ್ 12ರಂದು ಹಸಿರು ನಿಶಾನೆ ದೊರೆಯಿತು.

ಈ ರೈಲುಗಳನ್ನು ಇಟ್ಟಿಗೆಯಲ್ಲಿ ಕಟ್ಟುವವರಿಗೆ ಬೇಕಾದ ಭಾಗಗಳ ಪಟ್ಟಿ ಬೇರೆ ಬೇರೆ. ವಂದೇ ಭಾರತ್‌ನ ಇಳಿಜಾರು ಮೂತಿ ಚೌಕ ಇಟ್ಟಿಗೆಗೆ ಬಗ್ಗದು, ಮುದ್ರಿಸಲೇಬೇಕು. ಡಬ್ಬಿಯ ಕಿಟಕಿ ಸಾಲಿಗೆ ಕತ್ತರಿಸಿದ ಅಂಟುಹಾಳೆ ಸಾಕು. ಮಾತಿನಲ್ಲೂ ಎಚ್ಚರ ಬೇಕು: ಕನ್ನಡದಲ್ಲಿ ಬೋಗಿ ಎಂದರೆ ಇಡೀ ಡಬ್ಬಿ, ತಯಾರಕರ ಪಟ್ಟಿಯಲ್ಲಿ ಅದು ಡಬ್ಬಿಯ ಕೆಳಗಿನ ಗಾಲಿಗಳ ಚೌಕಟ್ಟು.

ಕರ್ನಾಟಕದ ಸಂಬಂಧ

ನಿಜವಾದ ರೈಲಿನ ಗಾಲಿ ಮತ್ತು ಆಕ್ಸಲ್‌ಗಳನ್ನು ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಿಂದ ತಯಾರಿಸುತ್ತಿದೆ. ಆಟಿಕೆ ರೈಲಿನ ಗಾಲಿಯ ಹಳೆಯ ಕಸುಬು ಚನ್ನಪಟ್ಟಣದ್ದು. ಅಲ್ಲಿ ಹಾಲೆ ಮರದ ತುಂಡನ್ನು ಲೇತ್‌ಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ, ತಾಳೆಗರಿಯಿಂದ ಹೊಳಪು ಕೊಡುತ್ತಾರೆ. ಆ ರೈಲಿಗೆ ಹಳಿಯಿಲ್ಲ, ಆದ್ದರಿಂದ ಗೇಜಿನ ಕಟ್ಟುಪಾಡೂ ಇಲ್ಲ.

2021ರ ಜನವರಿ 1ರಿಂದ ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಭೌಗೋಳಿಕ ಸೂಚಕ ಪಡೆದ ಚನ್ನಪಟ್ಟಣದ ಗೊಂಬೆಗಳಂಥ ಕರಕುಶಲ ಆಟಿಕೆಗಳಿಗೆ ಇದರಿಂದ ವಿನಾಯಿತಿ ಇದೆ. ಮನೆಯಲ್ಲಿ ಮುದ್ರಿಸಿ ಮಕ್ಕಳಿಗೆಂದು ಮಾರುವ ಪ್ಲಾಸ್ಟಿಕ್ ಆಟಿಕೆಗೆ ಇಲ್ಲ.