ಹಳೆಯ ಪಿಯಾನೊದ ಕಾಲನಿರ್ಣಯ

ಕಾಲನಿರ್ಣಯವೆಂದರೆ ಪಿಯಾನೊ ಯಾವ ವರ್ಷ ತಯಾರಾಯಿತು ಎಂಬುದನ್ನು ಅದರ ಕ್ರಮಸಂಖ್ಯೆ, ರಚನೆ ಮತ್ತು ಗುರುತುಗಳಿಂದ ಕಂಡುಕೊಳ್ಳುವ ಕೆಲಸ. ಬೆಂಗಳೂರಿನಲ್ಲಿ ಈ ವಾದ್ಯ ಬೇರೂರಿದ್ದು ಮುಖ್ಯವಾಗಿ 1809ರಲ್ಲಿ ನೆಲೆಗೊಂಡ ದಂಡುಪ್ರದೇಶದಲ್ಲಿ. ಮೈಸೂರು ಅರಮನೆಯಲ್ಲೂ ಅದಕ್ಕೆ ಮನ್ನಣೆಯಿತ್ತು. ಪಿಯಾನೊ ನುಡಿಸುತ್ತಿದ್ದ ಮಹಾರಾಜ ಜಯಚಾಮರಾಜ ಒಡೆಯರು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ಬೆಂಗಳೂರಿನ ಗೋವಿಂದರಾಜನಗರ, ವಿಜಯನಗರ, ರಾಜಾಜಿನಗರಗಳಾದರೋ ಸ್ವಾತಂತ್ರ್ಯದ ನಂತರ ಬೆಳೆದ ಬಡಾವಣೆಗಳು. ಅಲ್ಲಿನ ಮನೆಯೊಂದರಲ್ಲಿ ನೂರು ವರ್ಷದ ಪಿಯಾನೊ ಇದ್ದರೆ ಅದು ಬೇರೆಡೆಯಿಂದ ಬಂದದ್ದೇ. ಮನೆಯವರ ನೆನಪು ಅದನ್ನು ತಂದ ವರ್ಷವನ್ನು ಹೇಳೀತು, ತಯಾರಾದ ವರ್ಷವನ್ನಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ಕ್ರಮಸಂಖ್ಯೆ. ಮೇಲಿನ ಮುಚ್ಚಳ ತೆರೆದು ಕಬ್ಬಿಣದ ಚೌಕಟ್ಟು, ಶ್ರುತಿಮೊಳೆಗಳ ಆಸುಪಾಸು, ನಾದಫಲಕ, ಎಡತುದಿಯ ಮೊದಲ ಕೀಯ ಪಕ್ಕ ಇವನ್ನು ನೋಡಬೇಕು. ಚೌಕಟ್ಟಿನ ಎರಕದ ಸಂಖ್ಯೆಯನ್ನೋ ಪೇಟೆಂಟ್ ಸಂಖ್ಯೆಯನ್ನೋ ಕ್ರಮಸಂಖ್ಯೆಯೆಂದು ಭಾವಿಸಿ ಮೋಸಹೋಗುವುದುಂಟು. ಸಿಕ್ಕ ಸಂಖ್ಯೆಯನ್ನು ಪಿಯರ್ಸ್ ಪಿಯಾನೊ ಅಟ್ಲಾಸ್‌ನಂಥ ಕೋಶದಲ್ಲಿ ತಯಾರಕರ ಹೆಸರಿನಡಿ ಹುಡುಕಿದರೆ ವರ್ಷ ತಿಳಿಯುತ್ತದೆ. ಉದಾಹರಣೆಗೆ, ಸ್ಟೈನ್‌ವೇ ಕಂಪನಿಯ 1,00,000ನೆಯ ಪಿಯಾನೊ 1903ರಲ್ಲಿ ಅಮೆರಿಕದ ಶ್ವೇತಭವನ ಸೇರಿತು. ಅದಕ್ಕಿಂತ ಚಿಕ್ಕ ಸಂಖ್ಯೆಯ ಸ್ಟೈನ್‌ವೇ ಸಹಜವಾಗಿಯೇ ಅದಕ್ಕೂ ಹಿಂದಿನದು. ಮುಂಬದಿಯಲ್ಲಿ ಹೊಳೆಯುವ ಹೆಸರು ಕೆಲವೊಮ್ಮೆ ಮಾರಿದ ಅಂಗಡಿಯದು, ತಯಾರಿಸಿದವರದಲ್ಲ ಎಂಬ ಎಚ್ಚರ ಬೇಕು.

ಸಂಖ್ಯೆ ಅಳಿಸಿಹೋಗಿದ್ದರೆ ವಾದ್ಯವನ್ನೇ ಓದಬೇಕು. ಕೀಮುಚ್ಚಳದ ಮೇಲೆ ಅಚ್ಚಾದ ಪದಕಗಳಲ್ಲಿ ಕೊನೆಯದರ ವರ್ಷಕ್ಕಿಂತ ಪಿಯಾನೊ ಹಳೆಯದಾಗಿರಲಾರದು. ‘ರಾಣಿಯವರಿಗೆ ಒದಗಿಸುವವರು’ ಎಂಬ ಒಕ್ಕಣೆ ಹಳೆಯ ಪಿಯಾನೊದಲ್ಲಿ ಸಾಮಾನ್ಯವಾಗಿ ವಿಕ್ಟೋರಿಯಾ ಕಾಲವನ್ನು, ಅಂದರೆ 1901ರ ಹಿಂದಿನ ಅವಧಿಯನ್ನು ಸೂಚಿಸುತ್ತದೆ. ‘ಜರ್ಮನಿಯಲ್ಲಿ ತಯಾರಾದದ್ದು’ ಎಂದಿದ್ದರೆ ಅದು ಸಾಮಾನ್ಯವಾಗಿ ಬ್ರಿಟನ್ನಿನ 1887ರ ಸರಕು ಗುರುತು ಕಾಯಿದೆಯ ನಂತರದ್ದು. ಮಂದ್ರದ ತಂತಿಗಳು ಉಳಿದವನ್ನು ಅಡ್ಡಹಾಯುವ ರಚನೆಗೆ ಗ್ರ್ಯಾಂಡ್ ಪಿಯಾನೊದಲ್ಲಿ ಸ್ಟೈನ್‌ವೇ ಪೇಟೆಂಟ್ ಪಡೆದದ್ದು 1859ರಲ್ಲಿ, ಹಾಗಾಗಿ ಅಂಥ ಗ್ರ್ಯಾಂಡ್ ಸಾಮಾನ್ಯವಾಗಿ ಅದರ ನಂತರದ್ದು. ಮೇಣದಬತ್ತಿಯ ಹಿತ್ತಾಳೆ ಕೈಗಳು ವಿದ್ಯುದ್ದೀಪ ಮನೆಮಾತಾಗುವ ಮುಂಚಿನವು. 88 ಕೀಗಳು 1880ರ ದಶಕದಿಂದ ಹರಡಿದರೂ ಬ್ರಿಟಿಷ್ ತಯಾರಕರು 20ನೆಯ ಶತಮಾನದಲ್ಲೂ 85 ಕೀಗಳವನ್ನು ತಯಾರಿಸುತ್ತಿದ್ದರು. ನಮ್ಮಲ್ಲಿ ಸಿಗುವ ಬ್ರಿಟಿಷ್ ಪಿಯಾನೊಗಳಿಗೆ ಈ ಒಂದೇ ಲೆಕ್ಕ ಸಾಲದು. ಶ್ರುತಿಗಾರರು ಕೀಗಳ ಪಕ್ಕ ಪೆನ್ಸಿಲ್ಲಿನಲ್ಲಿ ಬರೆದಿಟ್ಟ ತಾರೀಖುಗಳು ಅಮೂಲ್ಯ. ದುರಸ್ತಿಯ ಹೆಸರಿನಲ್ಲಿ ಅವನ್ನು ಉಜ್ಜಿ ತೆಗೆಯಲೇಬಾರದು.

ಈ ನಿರ್ಣಯಕ್ಕೆ ಕಾನೂನಿನ ತೂಕವೂ ಇದೆ. ಐತಿಹಾಸಿಕ ಮಹತ್ವದ ವಸ್ತು ನೂರು ವರ್ಷ ದಾಟಿದ್ದರೆ 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆಯಡಿ ಖಾಸಗಿಯವರು ಅದನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ.