ಸೇನೆಗೆ ಹೋದ ನೆಲ: ಬದಲಾಪುರ ಬಳಿಯ ನೇವಾಳಿಯಿಂದ ಕಾರವಾರದ ಸೀಬರ್ಡ್‌ವರೆಗೆ

ಬದಲಾಪುರ: ದೇಶದ ರಕ್ಷಣೆಗೆ ಭೂಮಿ ಬೇಕು ಎಂದಾಗ ಯಾರೂ ಸುಲಭವಾಗಿ ಬೇಡ ಎನ್ನುವುದಿಲ್ಲ. ಆದರೆ ಹೀಗೆ ಕೊಟ್ಟ ನೆಲದ ಲೆಕ್ಕ ಹಲವು ಕಡೆ ದಶಕಗಳಾದರೂ ಚುಕ್ತಾ ಆಗಿಲ್ಲ. ಕಲ್ಯಾಣ ಮತ್ತು ಬದಲಾಪುರ ನಡುವಿನ ನೇವಾಳಿ ಹಾಗೂ ಉತ್ತರ ಕನ್ನಡದ ಕಾರವಾರ ಕರಾವಳಿ ಇದಕ್ಕೆ ಎರಡು ಉದಾಹರಣೆಗಳು. ಎರಡೂ ಕಡೆ ನೌಕಾಪಡೆಯ ಹೆಸರಿದೆ. ಎರಡೂ ಕಡೆ ಜನರ ಅಳಲಿನ ಮೂಲ ಒಂದೇ: ಪರಿಹಾರ ನಿಂತಿರುವುದು ಕಾಗದದ ಮೇಲೆ.

ನೇವಾಳಿಯಲ್ಲಿ ಆಗಿದ್ದೇನು?

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ನೇವಾಳಿ ಮತ್ತು ಸುತ್ತಲಿನ ಹಳ್ಳಿಗಳ 1,600 ಎಕರೆಗೂ ಹೆಚ್ಚು ಭೂಮಿಯನ್ನು ವಿಮಾನ ಇಳಿದಾಣಕ್ಕಾಗಿ ವಶಕ್ಕೆ ಪಡೆಯಿತು. ಯುದ್ಧ ಮುಗಿದ ಮೇಲೆ ಭೂಮಿ ಹಿಂದಿರುಗಿಸುವ ಮಾತಾಗಿತ್ತು ಎಂಬುದು ರೈತರ ವಾದ. ಭೂಮಿ ತನ್ನದೇ ಎಂಬುದು ರಕ್ಷಣಾ ಇಲಾಖೆಯ ನಿಲುವು. ಸ್ವಾತಂತ್ರ್ಯದ ನಂತರವೂ ಇಲ್ಲಿನ ಹಲವು ಕುಟುಂಬಗಳು ಬೇಸಾಯ ಮುಂದುವರಿಸಿದ್ದವು. ನೌಕಾಪಡೆ ಆವರಣ ಗೋಡೆ ಕಟ್ಟಲು ಮುಂದಾದಾಗ ಅಸಮಾಧಾನ ಸ್ಫೋಟಿಸಿತು. 2017ರ ಜೂನ್ 22ರಂದು ರೈತರು ರಸ್ತೆಗಿಳಿದರು. ಪೊಲೀಸ್ ವಾಹನಗಳಿಗೆ ಬೆಂಕಿ ಬಿತ್ತು. ಪೊಲೀಸರು ಮತ್ತು ಗ್ರಾಮಸ್ಥರು ಗಾಯಗೊಂಡರು.

ಇಲ್ಲಿ ಎರಡು ಪದಗಳ ವ್ಯತ್ಯಾಸ ತಿಳಿದಿರಬೇಕು. ಯುದ್ಧಕಾಲದ ಭಾರತ ರಕ್ಷಣಾ ನಿಯಮಗಳಡಿ ಸರ್ಕಾರ ಆಸ್ತಿಯನ್ನು ತಾತ್ಕಾಲಿಕವಾಗಿ ವಶಕ್ಕೆ ಪಡೆಯಬಹುದಿತ್ತು. ಆಗ ಮಾಲೀಕತ್ವ ರೈತನಲ್ಲೇ ಉಳಿಯುತ್ತದೆ. ಭೂಸ್ವಾಧೀನವಾದರೆ ಮಾಲೀಕತ್ವವೇ ಸರ್ಕಾರಕ್ಕೆ ಹೋಗುತ್ತದೆ. ಸಾತ್‌ಬಾರಾ ಉತಾರೆಯಲ್ಲಿ, ಅಂದರೆ ಮಹಾರಾಷ್ಟ್ರದ ಪಹಣಿಯಲ್ಲಿ, ಯಾರ ಹೆಸರಿದೆ ಎಂಬ ಪ್ರಶ್ನೆಗೆ ಇಂತಹ ಪ್ರಕರಣಗಳಲ್ಲಿ ಇಷ್ಟು ತೂಕ ಬರುವುದು ಇದೇ ಕಾರಣಕ್ಕೆ.

ಕಾರವಾರ: ಕಡಲತೀರವೇ ನೌಕಾನೆಲೆ

ನೇವಾಳಿ ಒಳನಾಡಿನ ಹೊಲಗಳ ಕಥೆಯಾದರೆ ಕಾರವಾರದ್ದು ಕಡಲತೀರದ ಕಥೆ. ಮುಂಬೈ ಬಂದರಿನ ದಟ್ಟಣೆಯಿಂದ ಹೊರಗೆ, ಪಶ್ಚಿಮ ಘಟ್ಟ ಮತ್ತು ಅರಬ್ಬಿ ಸಮುದ್ರದ ನಡುವೆ ಹೊಸ ನೆಲೆ ಬೇಕು ಎಂಬ ಯೋಚನೆ 1980ರ ದಶಕದಲ್ಲಿ ರೂಪುಗೊಂಡಿತು. ಆಗಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಒ.ಎಸ್. ಡಾಸನ್ ಇದರ ಹಿಂದಿದ್ದರು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು.

ಕಾರವಾರ ಮತ್ತು ಅಂಕೋಲಾ ತಾಲೂಕುಗಳಲ್ಲಿ 11,000 ಎಕರೆಗೂ ಹೆಚ್ಚು ಭೂಮಿ ಯೋಜನೆಗೆ ಹೋಯಿತು. 4,000ಕ್ಕೂ ಹೆಚ್ಚು ಕುಟುಂಬಗಳು ನಿರಾಶ್ರಿತವಾದವು. ಅರ್ಗಾದಂತಹ ಊರುಗಳು ನೌಕಾನೆಲೆಯ ಬೇಲಿಯೊಳಗೆ ಸೇರಿದವು. ಹಣದ ಕೊರತೆಯಿಂದ ವರ್ಷಗಟ್ಟಲೆ ಕೆಲಸ ಕುಂಟಿತು. ಕೊನೆಗೆ 2005ರ ಮೇ 31ರಂದು ಬನವಾಸಿಯ ಕದಂಬರ ಹೆಸರು ಹೊತ್ತ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯಕ್ಕೆ ಇದೇ ತವರು ಬಂದರು. ಎರಡನೇ ಹಂತದ ಕಾಮಗಾರಿಯ ಭಾಗವಾಗಿ ಸುಮಾರು 2,000 ಕೋಟಿ ರೂ. ವೆಚ್ಚದ ಸೌಲಭ್ಯಗಳನ್ನು 2025ರ ಏಪ್ರಿಲ್ 5ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಉದ್ಘಾಟಿಸಿದರು.

ಕಾರವಾರದ ಎದುರಿಗಿರುವ, ಗೋವಾಕ್ಕೆ ಸೇರಿದ ಅಂಜುದೀವ್ ದ್ವೀಪವೂ ನೌಕಾಪಡೆಯ ಸುಪರ್ದಿಯಲ್ಲಿದೆ. ಅಲ್ಲಿನ ಹಳೆಯ ಚರ್ಚಿನ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದ ಗೋವಾದ ಭಕ್ತರಿಗೆ ಆ ದಾರಿ ಮುಚ್ಚಿತು.

ಪಹಣಿ ಇಲ್ಲದ ದಡ

ಸೀಬರ್ಡ್‌ಗೆ ಭೂಮಿ ಪಡೆದದ್ದು 1894ರ ಭೂಸ್ವಾಧೀನ ಕಾಯ್ದೆಯಡಿ. ಆರಂಭದಲ್ಲಿ ಕೊಟ್ಟ ದರ ತೀರಾ ಕಡಿಮೆ ಎಂದು ಸಾವಿರಾರು ಮಂದಿ ನ್ಯಾಯಾಲಯದ ಮೆಟ್ಟಿಲೇರಿದರು. ಆ ಕಾಯ್ದೆಯ 18ನೇ ಸೆಕ್ಷನ್ ಅಡಿ ಹೆಚ್ಚಿನ ಪರಿಹಾರ ಕೇಳಬಹುದಿತ್ತು. ಕೋರ್ಟಿಗೆ ಹೋಗದವರೂ ಅದೇ ಅಧಿಸೂಚನೆಯ ಬೇರೆ ಪ್ರಕರಣದಲ್ಲಿ ದರ ಏರಿದರೆ 28ಎ ಸೆಕ್ಷನ್ ಅಡಿ 3 ತಿಂಗಳೊಳಗೆ ಅರ್ಜಿ ಹಾಕಬಹುದಿತ್ತು. ನಿರಾಶ್ರಿತರಲ್ಲಿ ಹಲವರು ಈ ಹಣಕ್ಕಾಗಿ ದಶಕಗಳ ಕಾಲ ಅಲೆದರು. ಕೆಲವರ ಪಾಲು ಅವರ ಮಕ್ಕಳ ಕಾಲಕ್ಕೆ ಕೈಸೇರಿತು.

ಇದು ಜಮೀನು ಇದ್ದವರ ಮಾತು. ಮೀನುಗಾರರ ಸ್ಥಿತಿ ಬೇರೆ. ದೋಣಿ ಎಳೆದಿಡುವ, ರಂಪಣಿ ಬಲೆ ಎಳೆಯುವ, ಮೀನು ಒಣಗಿಸುವ ಮರಳ ದಡ ಸರ್ಕಾರಿ ಜಾಗ. ಅದಕ್ಕೆ ಯಾರ ಹೆಸರಿನ ಪಹಣಿಯೂ ಇಲ್ಲ. ಅಜ್ಜನ ಕಾಲದಿಂದ ಬಳಸಿದ್ದರೂ ಆ ದಡಕ್ಕೆ ಭೂಮಿಯ ಬೆಲೆ ಸಿಗದು. ಮನೆಗೆ ಬದಲಿ ನಿವೇಶನ ಕೊಡಬಹುದು. ಆದರೆ ಮೀನುಗಾರನಿಗೆ ಮನೆಯಷ್ಟೇ ಮುಖ್ಯವಾದದ್ದು ಮನೆಯಿಂದ ಕಡಲಿಗೆ ಇರುವ ದಾರಿ. ನೌಕಾನೆಲೆಯ ಸುತ್ತ ದೋಣಿಗಳಿಗೆ ಪ್ರವೇಶ ನಿಷಿದ್ಧವಾದಾಗ ನಷ್ಟ ನೆಲದ್ದಷ್ಟೇ ಅಲ್ಲ, ನೀರಿನದ್ದೂ ಆಗುತ್ತದೆ.

ಈಗಿನ ಕಾನೂನು ಏನು ಹೇಳುತ್ತದೆ?

* 2014ರ ಜನವರಿ 1ರಿಂದ 2013ರ ಹೊಸ ಭೂಸ್ವಾಧೀನ ಕಾಯ್ದೆ ಜಾರಿಯಲ್ಲಿದೆ. ಗ್ರಾಮೀಣ ಪ್ರದೇಶದಲ್ಲಿ ಮಾರುಕಟ್ಟೆ ಬೆಲೆಯನ್ನು 2 ಪಟ್ಟಿನವರೆಗೆ ಏರಿಸಿ, ಅದರ ಮೇಲೆ ಶೇ 100ರಷ್ಟು ಸಾಂತ್ವನ ಮೊತ್ತ ಸೇರಿಸಲು ಅವಕಾಶವಿದೆ.

* ಸರ್ಕಾರವೇ ರಕ್ಷಣೆಗಾಗಿ ಭೂಮಿ ಪಡೆಯುವಾಗ ಮಾಲೀಕರ ಒಪ್ಪಿಗೆ ಕಡ್ಡಾಯವಲ್ಲ. ಶೇ 70 ಅಥವಾ 80ರ ಒಪ್ಪಿಗೆಯ ನಿಯಮ ಇರುವುದು ಖಾಸಗಿ ಮತ್ತು ಸಹಭಾಗಿತ್ವದ ಯೋಜನೆಗಳಿಗೆ.

* 40ನೇ ಸೆಕ್ಷನ್ ಅಡಿ ರಕ್ಷಣೆ, ರಾಷ್ಟ್ರೀಯ ಭದ್ರತೆಯ ತುರ್ತಿಗೆ ಸಾಮಾಜಿಕ ಪರಿಣಾಮ ಅಧ್ಯಯನವನ್ನೂ ಕೈಬಿಡಬಹುದು. ಆದರೆ ಸ್ವಾಧೀನಕ್ಕೆ ಮುನ್ನ ಅಂದಾಜು ಪರಿಹಾರದ ಶೇ 80ರಷ್ಟನ್ನು ಕೊಡಬೇಕು.

* ಪಡೆದ ಭೂಮಿ 5 ವರ್ಷ ಬಳಕೆಯಾಗದೆ ಉಳಿದರೆ ಮೂಲ ಮಾಲೀಕರಿಗೆ ಅಥವಾ ಸರ್ಕಾರದ ಭೂ ಬ್ಯಾಂಕಿಗೆ ಹೋಗಬೇಕು ಎನ್ನುತ್ತದೆ 101ನೇ ಸೆಕ್ಷನ್.

* 1903ರ ರಕ್ಷಣಾ ಕಾಮಗಾರಿ ಕಾಯ್ದೆಯಡಿ ಸೇನಾ ನೆಲೆಯ ಸುತ್ತಲಿನ ಖಾಸಗಿ ಜಮೀನಿನಲ್ಲಿ ಕಟ್ಟಡ ನಿರ್ಬಂಧಿಸಬಹುದು. ಜಮೀನು ಮಾಲೀಕರದ್ದೇ ಆಗಿರುತ್ತದೆ, ನಷ್ಟಕ್ಕೆ ಪರಿಹಾರ ಕೇಳುವ ಅವಕಾಶವೂ ಇದೆ.

* 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಅತಿ ಸೂಕ್ಷ್ಮ ತೀರದಲ್ಲೂ ರಕ್ಷಣಾ ಉದ್ದೇಶದ ರಸ್ತೆಗಳಿಗೆ ಅಪವಾದದ ಸಂದರ್ಭದಲ್ಲಿ ಅವಕಾಶ ಕೊಡುತ್ತದೆ.

ಉಳಿದಿರುವ ಪ್ರಶ್ನೆ

2013ರ ಕಾಯ್ದೆ ಒಂದು ಮುಖ್ಯ ಬದಲಾವಣೆ ತಂದಿದೆ. ಸ್ವಾಧೀನದಿಂದ ಜೀವನೋಪಾಯ ಕಳೆದುಕೊಳ್ಳುವ, ಜಮೀನಿಲ್ಲದ ಕುಟುಂಬವನ್ನೂ ಅದು 'ಬಾಧಿತ ಕುಟುಂಬ' ಎಂದು ಗುರುತಿಸುತ್ತದೆ. ನೀರನ್ನು ನಂಬಿ ಬದುಕುವವರೂ ಇದರಲ್ಲಿ ಸೇರುತ್ತಾರೆ. ಆದರೆ ಇದಕ್ಕೆ 3 ವರ್ಷಗಳಿಂದ ಅದೇ ಪ್ರದೇಶದಲ್ಲಿ ದುಡಿಯುತ್ತಿರುವುದು ಕಾಣಬೇಕು. ಹೀಗಾಗಿ ದೋಣಿ ನೋಂದಣಿ, ಮೀನುಗಾರರ ಸಹಕಾರ ಸಂಘದ ಸದಸ್ಯತ್ವ, ಪಡಿತರ ಚೀಟಿಯಂತಹ ದಾಖಲೆಗಳು ನೆರವಿಗೆ ಬರುತ್ತವೆ. ಅಂಕೋಲಾದ ಅಲಗೇರಿ ಸುತ್ತ ನೌಕಾ ವಿಮಾನ ನಿಲ್ದಾಣಕ್ಕೂ ಭೂಮಿ ಹೋಗಿರುವುದರಿಂದ ಈ ಮಾತು ಕರಾವಳಿಗೆ ಇಂದಿಗೂ ಅನ್ವಯ.

ನೌಕಾನೆಲೆ ದೇಶಕ್ಕೆ ಬೇಕು ಎಂಬುದರಲ್ಲಿ ತಕರಾರಿಲ್ಲ. ಆದರೆ ಕೊಟ್ಟವರ ಲೆಕ್ಕ ಕೊಟ್ಟ ದಿನವೇ ಬರಹಕ್ಕೆ ಇಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೇವಾಳಿ ಸಾಕ್ಷಿ. 1940ರ ದಶಕದಲ್ಲಿ ಆಯಿತೆನ್ನಲಾದ ಒಂದು ಮಾತಿಗಾಗಿ ಅಲ್ಲಿನ ಜನ 2017ರಲ್ಲಿ ಬೀದಿಗಿಳಿದರು.