ಮಾರಿಯೂ ಮಾರಮ್ಮನೂ

ಹಿರಿಯೂರಿನವರು ನೀರಾವರಿ ಇಲಾಖೆಗೆ ಅರ್ಜಿ ಬರೆಯುವಾಗ ‘ವಾಣಿವಿಲಾಸ ಸಾಗರ’ ಎನ್ನುತ್ತಾರೆ. ಅವಸರವಿದ್ದರೆ ‘ವಿವಿ ಸಾಗರ’. ಮನೆಗೆ ನೆಂಟರು ಬಂದರೆ ಮಾತ್ರ ‘ನಡೀರಿ, ಮಾರಿಕಣಿವೆ ನೋಡ್ಕೊಂಡು ಬರೋಣ’. ವೇದಾವತಿಗೆ ಅಡ್ಡಲಾಗಿ ಅಣೆಕಟ್ಟಿನ ಕೆಲಸ ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಕೆಲಸ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗರು. ರಾಜ್ಯಭಾರ ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರದು. ಅವರ ಹೆಸರನ್ನೇ ಜಲಾಶಯಕ್ಕೆ ಇಟ್ಟರು. ಆದರೆ ಅಣೆಕಟ್ಟು ನಿಂತ ಎರಡು ಗುಡ್ಡಗಳ ಸಂದಿ ಕಣಿವೆ ಮಾರಮ್ಮನದು. ರಾಣಿಯ ಹೆಸರು ಕಡತ ಸೇರಿತು, ಅಮ್ಮನ ಹೆಸರು ಬಾಯಲ್ಲೇ ಉಳಿಯಿತು.

ಮಾರಿ ಎಂಬ ಮಾತಿಗೆ ಬೈಗುಳದಲ್ಲಿ ಬಿಡುವೇ ಇಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ. ದಾರೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ. ಸಿಟ್ಟು ನೆತ್ತಿಗೇರಿದರೆ ‘ಇವತ್ತು ನಿನಗೆ ಮಾರಿಹಬ್ಬ’. ಧಾರವಾಡದ ಕಡೆ ‘ಮಾರಿ ತೊಕ್ಕೊಂಡು ಬಾ’ ಎಂದರೆ ಗಾಬರಿಯಾಗಬೇಕಿಲ್ಲ, ಅದು ಬರೀ ಮುಖ, ಮೋರೆಯ ಒಡಹುಟ್ಟು. ತಮಿಳಿನಲ್ಲಿ ಮಾರಿ ಎಂದರೆ ಮಳೆ. ಮಳೆಯೇ ಅಪರೂಪವಾದ ನಮ್ಮ ಸೀಮೆಗೆ ಆ ಅರ್ಥ ಬಂದಿದ್ದರೆ ಎಷ್ಟು ಚೆನ್ನಾಗಿತ್ತು! ನಮ್ಮ ಕಿವಿಗೆ ಬೀಳುವುದು ಮಾತ್ರ ಸಂಸ್ಕೃತದ ಮಾರಿ, ಸಾವು ಹೊತ್ತು ತರುವ ಬೇನೆ.

ಆದರೆ ಗುಡಿಯ ಮುಂದೆ ನಿಂತವರು ಬರೀ ಮಾರಿ ಎಂದದ್ದನ್ನು ಯಾರಾದರೂ ಕೇಳಿದ್ದೀರಾ? ಅಲ್ಲಿ ಅವಳು ಮಾರಮ್ಮ. ಬೇವಿನ ಸೊಪ್ಪು, ಅರಿಶಿನ, ಮೊಸರನ್ನದ ಎಡೆ. ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಆಗಿದೆ’ ಎಂದು ದನಿ ತಗ್ಗಿಸಿ ಹೇಳುತ್ತಾರೆ. ಅಮ್ಮ ಸೇರಿದರೆ ದೇವರು, ಅಮ್ಮ ಕಳಚಿದರೆ ಪೀಡೆ. ಹಿಂದೆ ಊರಿಗೆ ಬೇನೆ ಹೊಕ್ಕಾಗ ಮೊರದಲ್ಲಿ ಬಳೆ, ಅರಿಶಿನ, ಬೇವಿನ ಎಸಳು ಇಟ್ಟು ಗಡಿಯಾಚೆ ಬಿಟ್ಟು ಬರುತ್ತಿದ್ದರು. ಆಚೆ ಊರಿನವರು ಅದನ್ನು ಒದೆಯುತ್ತಿರಲಿಲ್ಲ. ತಾವೂ ಪೂಜೆ ಮಾಡಿ ಮುಂದಿನ ಗಡಿಗೆ ದಾಟಿಸುತ್ತಿದ್ದರು. ತೊಲಗು ಎನ್ನುವುದಕ್ಕೂ ಒಂದು ಮರ್ಯಾದೆ ಇತ್ತು.

ಈ ಅಮ್ಮನನ್ನು ಕಳಚಲು ನೋಡಿದವರು ದೊಡ್ಡವರೇ. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ ತೆರೆದುಕೊಳ್ಳುವುದು ಚಂಡಮಾರಿಯ ಗುಡಿಯಲ್ಲಿ. ಅಲ್ಲಿಯ ಅರಸನ ಹೆಸರೇ ಮಾರಿದತ್ತ, ಅಂದರೆ ಮಾರಿಯ ವರದಿಂದ ಬಂದವನು. ಬಲಿಗೆಂದು ಹಿಡಿದು ತಂದ ಎಳೆಯ ಅಣ್ಣತಂಗಿಯರ ಕಥೆ ಕೇಳಿ ಅವನ ಮನಸ್ಸು ತಿರುಗಿ, ಕಡೆಗೆ ಜಿನನ ದಾರಿ ಹಿಡಿಯುತ್ತಾನೆ. ಅರಸನೊಬ್ಬನನ್ನು ಹಳೆಯ ದೇವತೆಯಿಂದ ಬಿಡಿಸಿಕೊಂಡರೆ ಊರೇ ಹಿಂದೆ ಬರುತ್ತದೆಂದು ಹೊಸ ಧರ್ಮದವರಿಗೆ ಗೊತ್ತಿತ್ತು. ಬಸವಣ್ಣನವರದು ಇನ್ನೊಂದು ಬಗೆ. ಮಾರಿ, ಮಸಣಿ ಎಂದು ಹೊರಗೆ ಯಾರೂ ಇಲ್ಲವೆಂದ ಅವರು, ಆ ಹೆಸರನ್ನು ತಪ್ಪಿ ನೋಡುವ ಕಣ್ಣಿಗೂ ತಪ್ಪಿ ಆಡುವ ನಾಲಗೆಗೂ ಅಂಟಿಸಿದರು. ಗುಡಿಗೆ ಕೈ ಹಚ್ಚದೆ ಪದದ ಅರ್ಥವನ್ನೇ ಬದಲಿಸುವುದೆಂದರೆ ಇದು. ದೈವದಿಂದ ದೆವ್ವ ಹುಟ್ಟಿದ ಭಾಷೆ ನಮ್ಮದು. ಪದಗಳ ಇಂಥ ಜಾರಾಟ ನಮಗೆ ಹೊಸದೂ ಅಲ್ಲ.

ಕ್ರೈಸ್ತ ಧರ್ಮ ರೋಮಿನಲ್ಲಿ ಬೇರೂರಿದಾಗಲೂ ಹೀಗೇ ಆಯಿತು, ಮಾತು ಮಾತ್ರ ಇನ್ನೂ ಕಟುವಾಯಿತು. ಹಳೆಯ ದೇವರುಗಳನ್ನು ಬಿಡದವರಿಗೆ ಕ್ರೈಸ್ತರು ಇಟ್ಟ ಹೆಸರು ‘ಪಗಾನುಸ್’. ಪಾಗುಸ್ ಎಂದರೆ ಹಳ್ಳಿಸೀಮೆ. ಪಗಾನುಸ್ ಎಂದರೆ ಹಳ್ಳಿಯವನು. ಸೈನಿಕನಲ್ಲದವನು ಎಂಬ ಇನ್ನೊಂದು ಅರ್ಥವೂ ಅದಕ್ಕಿತ್ತು, ಕ್ರಿಸ್ತನ ದಂಡಿಗೆ ಸೇರದವರನ್ನು ಹಾಗೆ ಕರೆದರೆಂದು ವಾದಿಸುವ ಪಂಡಿತರಿದ್ದಾರೆ. ಎರಡರಲ್ಲಿ ಯಾವುದೇ ಇರಲಿ, ಆ ಹೆಸರು ಹೋಗಿ ಅಂಟಿಕೊಂಡದ್ದು ಯಾರಿಗೆ ನೋಡಿ. ಸಿಮ್ಮಾಕಸ್ ರೋಮ್ ನಗರದ ಅಧಿಪತಿ, ಲ್ಯಾಟಿನ್ ಭಾಷಣಕಲೆಗೆ ಹೆಸರಾದವನು, ಅರಮನೆಯಂಥ ಮನೆಗಳ ಒಡೆಯ. ಸೆನೆಟ್ ಭವನದಲ್ಲಿದ್ದ ವಿಜಯದೇವತೆಯ ಪೀಠವನ್ನು 382ರಲ್ಲಿ ಚಕ್ರವರ್ತಿ ಗ್ರೇಷಿಯನ್ ತೆಗೆಸಿಹಾಕಿದ. ಅದನ್ನು ಮತ್ತೆ ಇಡಿಸಿಕೊಡಿ ಎಂದು 384ರಲ್ಲಿ ಅರಮನೆಗೆ ಬರೆದುಕೊಂಡವನು ಈ ಸಿಮ್ಮಾಕಸ್. ಮಿಲಾನಿನ ಬಿಷಪ್ ಆಂಬ್ರೋಸ್ ಅಡ್ಡ ಬಂದ, ಕೋರಿಕೆ ಬಿದ್ದುಹೋಯಿತು. ಸಿಮ್ಮಾಕಸನ ಗೆಳೆಯ ಪ್ರೆಟೆಕ್ಸ್ಟಾಟಸ್ ಹಲವು ದೇವರುಗಳ ಪೂಜಾರಿ, ದೊಡ್ಡ ಅಧಿಕಾರಿ, ಮಾತಿನಲ್ಲಿ ಚುರುಕು. ನನ್ನನ್ನು ರೋಮಿನ ಬಿಷಪ್ ಮಾಡಿ, ಈಗಲೇ ಕ್ರೈಸ್ತನಾಗುತ್ತೇನೆ ಎಂದು ಅವನು ಪೋಪರಿಗೇ ತಮಾಷೆ ಮಾಡುತ್ತಿದ್ದನೆಂದು ಸಂತ ಜೆರೋಮ್ ಬರೆದಿಟ್ಟಿದ್ದಾನೆ. ಇಂಥವರನ್ನೂ ಕಾಲ ‘ಹಳ್ಳಿಗ’ರ ಸಾಲಿಗೆ ಸೇರಿಸಿತು. 391ರಲ್ಲಿ ಥಿಯೋಡೋಷಿಯಸ್ ಬಲಿಯನ್ನೂ ಗುಡಿಯ ಪೂಜೆಯನ್ನೂ ನಿಷೇಧಿಸಿದ. ಮದುವೆ, ನೆಂಟಸ್ತನ, ಪದವಿಯ ಆಸೆಗಳ ದಾರಿಯಲ್ಲಿ ಆ ಶ್ರೀಮಂತ ಮನೆಗಳೂ ಒಂದೊಂದಾಗಿ ಚರ್ಚಿನ ಕಡೆ ವಾಲಿದವು. ಒಡೆಯರು ಕೈಬಿಟ್ಟ ಮೇಲೆ ಆ ಪದದ ಪರವಾಗಿ ಮಾತಾಡಲು ಯಾರೂ ಉಳಿಯಲಿಲ್ಲ.

ನಮ್ಮ ಚಿತ್ರದುರ್ಗದ ನಾಯಕರಿಗೂ ಇಂಥದೇ ಪ್ರಸಂಗ ಎದುರಾಗಿತ್ತು, ಅವರು ಅದನ್ನು ದಾಟಿದ ರೀತಿ ಬೇರೆ. ಬೇಡ ಕುಲದ ಈ ಪಾಳೆಯಗಾರರು ವೀರಶೈವ ಮುರುಘಾಮಠಕ್ಕೆ ನಡೆದುಕೊಂಡರು. 1689ರಿಂದ 1721ರವರೆಗೆ ಆಳಿದ ಭರಮಣ್ಣ ನಾಯಕ ಕೋಟೆಯ ಹೊರಗೆ ಬೃಹನ್ಮಠವನ್ನೇ ಕಟ್ಟಿಸಿಕೊಟ್ಟ. ವಚನದ ಲೆಕ್ಕ ಹಿಡಿದರೆ ಗುರುವಿಗೆ ಅಡ್ಡಬಿದ್ದವನು ಮಾರಿ ಮಸಣಿಯ ಕಡೆ ತಲೆ ಹಾಕಬಾರದು. ನಾಯಕರು ಆ ಲೆಕ್ಕಕ್ಕೇ ಹೋಗಲಿಲ್ಲ. ಕೋಟೆಯ ಮೇಲೆ ಏಕನಾಥಮ್ಮ ಇದ್ದಳು, ಊರೊಳಗೆ ಉಚ್ಚಂಗಮ್ಮ ಇದ್ದಳು. ಮಠಕ್ಕೆ ಕಾಣಿಕೆ, ಅಮ್ಮನಿಗೆ ಜಾತ್ರೆ ಎರಡೂ ನಡೆದವು. ನಿಷ್ಠರಾದವರು ಇದನ್ನು ಇಬ್ಬಂದಿತನ ಎನ್ನಬಹುದು. ನನಗೇನೋ ಇದು ಆಳುವವನಿಗೆ ಬೇಕಾದ ವಿವೇಕವೆಂದೇ ಕಾಣುತ್ತದೆ. 1779ರಲ್ಲಿ ದುರ್ಗ ಹೈದರಾಲಿಯ ಕೈಗೆ ಬಿತ್ತು, ಪಾಳೆಯಪಟ್ಟು ಮುಗಿಯಿತು. ಮಠ ಇದೆ, ಅಮ್ಮಂದಿರೂ ಇದ್ದಾರೆ. ಅಕ್ಕತಂಗಿಯರಾದ ತಿಪ್ಪಿನಘಟ್ಟಮ್ಮನೂ ಬರಗೇರಮ್ಮನೂ ವರ್ಷಕ್ಕೊಮ್ಮೆ ಭೇಟಿಯಾಗುವುದನ್ನು ನೋಡಲು ದುರ್ಗದ ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಹೀಗಾಗಿ ನಮ್ಮಲ್ಲಿ ಮಾರಿ ಪೂರ್ತಿ ಕೆಡಲಿಲ್ಲ, ಅರ್ಧ ಕೆಟ್ಟಳು. ಉಳಿದರ್ಧವನ್ನು ಬೋರ್ಡು ಬರೆಸುವವರು ತಿದ್ದುತ್ತಿದ್ದಾರೆ. ಉಚ್ಚಂಗಮ್ಮ ಉತ್ಸವಾಂಬೆಯಾಗಿದ್ದಾಳೆ, ಏಕನಾಥಮ್ಮ ಏಕನಾಥೇಶ್ವರಿ, ಶಿರಸಿಯಲ್ಲಿ ಮಾರಿ ಎಂದೋ ಮಾರಿಕಾಂಬೆ. ಬಲಿಯನ್ನು 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ತಡೆಯಿತು, ಅದು ಸರಿಯೇ. ಹೆಸರಿಗೆ ಯಾಕೆ ಇಷ್ಟು ಸೋಪು ಹಾಕಿ ತೊಳೆಯಬೇಕೋ ನನಗೆ ತಿಳಿಯದು. ಅಮ್ಮ ಎಂಬುದು ಅಂಬೆಗಿಂತ ಏನು ಕಡಿಮೆ?

ಅಣೆಕಟ್ಟಿನ ಕೆಲಸ ಶುರುವಾದ 1898ರಲ್ಲೇ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಜನ ಆ ಹೊಸ ಬೇನೆಗೂ ಅಮ್ಮ ಸೇರಿಸಿ ಪ್ಲೇಗಮ್ಮನ ಗುಡಿ ಕಟ್ಟಿದರು. 2020ರಲ್ಲಿ ಕೊರೊನಾ ಬಂದಾಗ ನಮ್ಮ ಪತ್ರಿಕೆಗಳು ಆರಿಸಿಕೊಂಡದ್ದು ‘ಮಹಾಮಾರಿ’. ಅತ್ತ ಅದೇ ಮಾರಿಯ ಹೆಸರಿನ ಜಲಾಶಯ, 1933ರ ನಂತರ ಮೊದಲ ಸಲ, 2022ರಲ್ಲಿ ತುಂಬಿ ಕೋಡಿ ಬಿತ್ತು. ತೆಂಗು, ಅಡಿಕೆ ತೋಟದವರು ಸಂಸಾರ ಸಮೇತ ಬಂದು ಕೋಡಿಯ ನೀರು ನೋಡಿ, ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಹೋದರು.

ಸುದ್ದಿಮನೆಯ ಮಿತ್ರರಲ್ಲಿ ಒಂದು ಕೋರಿಕೆ. ಮುಂದಿನ ಮಳೆಗಾಲದಲ್ಲಿ ಡೆಂಗಿ ಬಂದರೆ ಡೆಂಗಿ ಎಂದೇ ಬರೆಯಿರಿ. ಸೊಳ್ಳೆ ಮಾಡಿದ್ದಕ್ಕೆ ಮಾರಿಯನ್ನು ದೂರಬೇಡಿ.